ಮನೆ ಬೆಚ್ಚಗಿರಲಿ, ಬೆಂಕಿ ಒಲೆಯಲ್ಲೇ ಇರಲಿ

ಚಳಿ ಶುರುವಾಯಿತು ಅಂದರೆ ಮೂಲೆ ಸೇರಿದ್ದ ಹೀಟರ್ ಹೊರಗೆ ಬರುತ್ತದೆ. ತಿಂಗಳುಗಟ್ಟಲೆ ತಣ್ಣಗಿದ್ದ ಒಲೆಗೆ ಸೌದೆ ಬೀಳುತ್ತದೆ. ಅಗ್ನಿಶಾಮಕ ದಳದವರಿಗೆ ಮನೆ ಬೆಂಕಿಯ ಕರೆ ಜಾಸ್ತಿಯಾಗುವುದೂ ಈ ದಿನಗಳಲ್ಲೇ. ಕಾರಣಗಳು ಮಾತ್ರ ಪ್ರತಿ ವರ್ಷ ಅವೇ: ಮಸಿ ಕಟ್ಟಿದ ಚಿಮಣಿ, ಹೀಟರ್ ಪಕ್ಕದ ಪರದೆ, ಆರಿದೆ ಅಂದುಕೊಂಡ ಬೂದಿ, ಕಾದು ಕರಗಿದ ಪ್ಲಗ್.

ನಿಮ್ಮ ಊರಿನಲ್ಲಿರುವುದು ಸ್ವಯಂಸೇವಕ ದಳವಾದರೆ ಒಂದು ಲೆಕ್ಕ ತಿಳಿದಿರಬೇಕು. ಇಂಥ ಹೆಚ್ಚಿನ ಠಾಣೆಗಳಲ್ಲಿ ಹಗಲೂ ರಾತ್ರಿ ಯಾರೂ ಕಾದು ಕೂತಿರುವುದಿಲ್ಲ. ದಳದಲ್ಲಿರುವವರು ಮೇಷ್ಟ್ರು, ಮೆಕ್ಯಾನಿಕ್, ಅಂಗಡಿಯವರು, ರೈತರು. ಕರೆ ಬಂದಾಗ ಅವರು ಹಾಸಿಗೆಯಿಂದ ಎದ್ದು, ಠಾಣೆಗೆ ಹೋಗಿ, ಗಾಡಿ ತೆಗೆದುಕೊಂಡು ನಿಮ್ಮ ಮನೆಗೆ ಬರಬೇಕು. ಅಮೆರಿಕದಲ್ಲಿ ಇಂಥ ದಳಗಳಿಗಾಗಿ ಅಲ್ಲಿನ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘ ಬರೆದ ಎನ್‌ಎಫ್‌ಪಿಎ 1720 ಎಂಬ ಮಾನದಂಡ ಹಳ್ಳಿ ಪ್ರದೇಶಗಳಿಗೆ ಇಟ್ಟ ಗುರಿ ಹೀಗಿದೆ: 14 ನಿಮಿಷದಲ್ಲಿ 6 ಮಂದಿ ಸ್ಥಳದಲ್ಲಿರಬೇಕು, ಅದೂ ನೂರಕ್ಕೆ 80 ಕರೆಗಳಲ್ಲಿ.

ಇನ್ನೊಂದು ಕಡೆ, ಅಲ್ಲಿನದೇ ಯುಎಲ್ ಪರೀಕ್ಷಾ ಸಂಸ್ಥೆ ಎರಡು ಕೋಣೆಗಳಿಗೆ ಬೆಂಕಿ ಕೊಟ್ಟು ನೋಡಿತು. ಒಂದರಲ್ಲಿ ಹಳೇ ಕಾಲದ ಹತ್ತಿ, ಮರದ ಸಾಮಾನು. ಇನ್ನೊಂದರಲ್ಲಿ ಈಗಿನ ಫೋಮ್ ಸೋಫಾ, ಸಿಂಥೆಟಿಕ್ ಬಟ್ಟೆ. ಹಳೇ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಅರ್ಧ ಗಂಟೆಯ ಹತ್ತಿರ ತೆಗೆದುಕೊಂಡಿತು. ಈಗಿನ ಕೋಣೆಗೆ 5 ನಿಮಿಷವೂ ಬೇಕಾಗಲಿಲ್ಲ. 5 ನಿಮಿಷಕ್ಕೂ 14 ನಿಮಿಷಕ್ಕೂ ನಡುವೆ ಇರುವ ಹೊತ್ತಿನಲ್ಲಿ ನಿಮ್ಮ ಮನೆಗೆ ನೀವೇ ದಿಕ್ಕು. ಕೆಳಗೆ ಬರೆದಿರುವುದೆಲ್ಲ ಆ ಹೊತ್ತಿಗಾಗಿ, ಮತ್ತು ಆ ಹೊತ್ತು ಬರದೇ ಇರಲಿ ಅಂತ.

ಚಳಿಗೆ ಮುಂಚೆ ಚಿಮಣಿ ನೋಡಿಸಿ

ಸೌದೆ ಒಲೆ ಇರುವವರ ಮೊದಲ ಕೆಲಸ ಇದು. ಹೊಗೆಯಲ್ಲಿ ಪೂರ್ತಿ ಸುಡದ ಟಾರು, ಎಣ್ಣೆ, ನೀರಾವಿ ಇರುತ್ತವೆ. ಬಿಸಿ ಪಾತ್ರೆಯ ಮುಚ್ಚಳಕ್ಕೆ ಹಬೆ ಅಂಟಿದ ಹಾಗೆ, ತಣ್ಣಗಿರುವ ಚಿಮಣಿಯ ಒಳಗೋಡೆಗೆ ಇವು ಅಂಟಿಕೊಳ್ಳುತ್ತವೆ. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದ ಹೊಗೆಯಿಂದ ಇದು ಜಾಸ್ತಿ ಆಗುತ್ತದೆ. ಹೀಗೆ ಕೂತದ್ದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ. ಮೊದಮೊದಲು ಅದು ಪುಡಿ ಮಸಿ, ಬ್ರಷ್ ಹಾಕಿದರೆ ಉದುರುತ್ತದೆ. ಆಮೇಲೆ ಹೊಳೆಯುವ ಕರಿ ಚಕ್ಕೆ. ಕೊನೆಗೆ ಗೋಡೆಗೆ ಬಳಿದ ಗಟ್ಟಿ ಟಾರು. ಈ ಮೂರನೆಯದನ್ನು ಬ್ರಷ್ಷಿನಿಂದ ತೆಗೆಯಲಾಗುವುದಿಲ್ಲ. ಅದಕ್ಕೆ ಒಂದು ಕಿಡಿ ತಗುಲಿದರೆ ಚಿಮಣಿಯೊಳಗಿನ ಶಾಖ 1000 ಡಿಗ್ರಿ ದಾಟಬಹುದು. ಇಟ್ಟಿಗೆ ಬಿರುಕು ಬಿಡುತ್ತದೆ, ಬೆಂಕಿ ಗೋಡೆಯೊಳಗಿನ ಮರಕ್ಕೆ ದಾಟುತ್ತದೆ.

ವರ್ಷಕ್ಕೊಮ್ಮೆ ಕಸುಬು ಗೊತ್ತಿರುವವರಿಂದ ನೋಡಿಸುವುದು ಕಡ್ಡಾಯ ಅಂದುಕೊಳ್ಳಿ. ಒಲೆ ಕಡಿಮೆ ಉರಿಸಿದ್ದೇವೆ, ಈ ವರ್ಷ ಬೇಡ ಅನ್ನುವವರಿಗೆ ಒಂದು ಮಾತು: ಉರಿಸದ ಚಿಮಣಿಯಲ್ಲಿ ಹಕ್ಕಿ ಗೂಡು ಕಟ್ಟಿರುತ್ತದೆ. ಗೂಡು ಹೊಗೆಯನ್ನು ಮನೆಯೊಳಗೆ ತಳ್ಳುತ್ತದೆ, ಒಣ ಕಡ್ಡಿ ಬೆಂಕಿಯನ್ನೂ ಹಿಡಿಯುತ್ತದೆ. ಮಸಿಯ ಪದರ 3 ಮಿಲಿಮೀಟರ್ ಆಗಿದ್ದರೆ, ವರ್ಷ ಆಗಿರಲಿ ಬಿಡಲಿ, ತೆಗೆಸಬೇಕು. ಒಲೆಗೆ ಹಾಕಿ ಸುಟ್ಟರೆ ಚಿಮಣಿ ತಾನೇ ಶುಚಿಯಾಗುತ್ತದೆ ಅಂತ ಮಾರುವ ದಿಮ್ಮಿ, ಪುಡಿಗಳು ಟಾರನ್ನು ಸ್ವಲ್ಪ ಸಡಿಲ ಮಾಡಬಹುದು, ಅಷ್ಟೇ. ಬ್ರಷ್ಷಿನ ಕೆಲಸ ಅವು ಮಾಡುವುದಿಲ್ಲ.

ನೋಡಲು ಬಂದವರನ್ನು ಸುಮ್ನೆ ಕಳಿಸಬೇಡಿ. ಇವನ್ನು ಕೇಳಿ. ಒಳಪದರ ಬಿರುಕು ಬಿಟ್ಟಿದೆಯಾ? ತುದಿಯ ಟೋಪಿ, ಕಿಡಿ ತಡೆಯುವ ಜಾಲರಿ ಸರಿ ಇವೆಯಾ? ಚಿಮಣಿ ಸಾಕಷ್ಟು ಎತ್ತರ ಇದೆಯಾ? ಚಾವಣಿಯನ್ನು ಹಾದು ಹೊರಬರುವಲ್ಲಿಂದ ಕನಿಷ್ಠ 90 ಸೆಂಟಿಮೀಟರ್, ಜೊತೆಗೆ 3 ಮೀಟರ್ ಅಡ್ಡ ದೂರದೊಳಗೆ ಚಾವಣಿಯ ಯಾವುದೇ ಭಾಗಕ್ಕಿಂತ 60 ಸೆಂಟಿಮೀಟರ್ ಎತ್ತರ ಇರಬೇಕು ಅನ್ನುವುದು ರೂಢಿಯ ಅಳತೆ. ಕುಳ್ಳಗಿನ ಚಿಮಣಿ ಹೊಗೆ ಎಳೆಯುವುದಿಲ್ಲ.

ಒಲೆಯಿಂದ ಚಿಮಣಿಗೆ ಹೋಗುವ ಕಬ್ಬಿಣದ ಕೊಳವೆಯನ್ನೂ ಮರೆಯಬೇಡಿ. ಒಂಟಿ ಪದರದ ಕೊಳವೆಯಾದರೆ ಮರದ ಗೋಡೆಯಿಂದ ಕನಿಷ್ಠ 45 ಸೆಂಟಿಮೀಟರ್ ದೂರ ಬೇಕು. ಗೋಡೆ ಮುಟ್ಟಿದರೆ ಬಿಸಿ ಇಲ್ಲ, ಪರವಾಗಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ವರ್ಷಗಟ್ಟಲೆ ಕಾವು ತಿಂದ ಮರ ನಿಧಾನವಾಗಿ ಇದ್ದಿಲಾಗುತ್ತಾ ಹೋಗುತ್ತದೆ. ಹೊಸ ಮರ ಹೊತ್ತಿಕೊಳ್ಳದಷ್ಟು ಕಡಿಮೆ ಶಾಖಕ್ಕೂ ಅದು ಹೊತ್ತಿಕೊಳ್ಳಬಹುದು. ಹತ್ತು ವರ್ಷ ಏನೂ ಆಗಿಲ್ಲ ಅನ್ನುವುದು ಇಲ್ಲಿ ಧೈರ್ಯದ ಮಾತಲ್ಲ.

ಸೌದೆ ಒಣಗಿರಬೇಕು

ಹಸಿ ಸೌದೆಯ ಶಾಖದಲ್ಲಿ ಒಳ್ಳೆಯ ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಬೆಂಕಿ ತಣ್ಣಗಾಗುತ್ತದೆ, ಹೊಗೆ ಜಾಸ್ತಿ, ಕ್ರಿಯೋಸೋಟ್ ಜಾಸ್ತಿ. ಸೌದೆಯಲ್ಲಿ ನೀರಿನ ಅಂಶ ನೂರಕ್ಕೆ 20ಕ್ಕಿಂತ ಕಡಿಮೆ ಇರಬೇಕು. ಸೀಳಿ, ಮೇಲೆ ಮಾತ್ರ ಮುಚ್ಚಿ, ಪಕ್ಕದಿಂದ ಗಾಳಿ ಆಡುವ ಹಾಗೆ ಒಟ್ಟಿದರೆ ಮೆದು ಮರಕ್ಕೆ ಆರು ತಿಂಗಳಾದರೂ ಬೇಕು. ಗಟ್ಟಿ ಮರಕ್ಕೆ ಒಂದು ವರ್ಷ, ಕೆಲವಕ್ಕೆ ಎರಡು.

ಒಣಗಿದ್ದು ಗೊತ್ತಾಗುವುದು ಹೇಗೆ? ತುದಿಯಲ್ಲಿ ಬಿರುಕು ಬಿಟ್ಟಿರುತ್ತದೆ, ತೊಗಟೆ ಸುಲಭವಾಗಿ ಬಿಡುತ್ತದೆ, ಎರಡು ತುಂಡು ಬಡಿದರೆ ಠಣ್ ಅನ್ನುತ್ತದೆ. ಹಸಿಯಾದರೆ ದಪ್ ಅನ್ನುತ್ತದೆ. ಕಿವಿಯ ಮೇಲೆ ನಂಬಿಕೆ ಇಲ್ಲದಿದ್ದರೆ ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ಅದರ ಮುಳ್ಳುಗಳನ್ನು ಆಗಷ್ಟೇ ಸೀಳಿದ ಒಳಮೈಗೆ ಚುಚ್ಚಿ ನೋಡಿ. ಹೊರಮೈ ಒಣಗಿಯೇ ಇರುತ್ತದೆ, ಅದನ್ನು ಅಳೆದು ಏನೂ ತಿಳಿಯುವುದಿಲ್ಲ.

ಬಣ್ಣ ಬಳಿದ ಮರ, ಪ್ಲೈವುಡ್, ಗೆದ್ದಲು ಬಾರದಂತೆ ರಾಸಾಯನಿಕ ಹಾಕಿದ ಮರ, ಪ್ಲಾಸ್ಟಿಕ್ ಇವು ಒಲೆಗೆ ಬೇಡ. ಹೊಗೆ ವಿಷ. ರಟ್ಟು, ಬಣ್ಣದ ಕಾಗದವೂ ಬೇಡ. ಅವು ಭಗ್ಗೆಂದು ಉರಿದು, ಉರಿಯುವ ಚೂರುಗಳು ಚಿಮಣಿಗೆ ಹಾರುತ್ತವೆ. ಬೆಂಕಿ ಹಚ್ಚಲು ಪೆಟ್ರೋಲ್, ಸೀಮೆಎಣ್ಣೆ ಸುರಿಯಬೇಡಿ ಅಂತ ಬರೆಯಬೇಕಾಗಿರುವುದೇ ಬೇಸರ. ಆದರೂ ಬರೆಯಬೇಕಾಗಿದೆ.

ಒಲೆ ಉರಿಸುವ ರೀತಿ

ಮೊದಲು ಗಾಳಿ ಬಾಗಿಲು, ಡ್ಯಾಂಪರ್ (ಹೊಗೆದಾರಿ ಮುಚ್ಚಿ ತೆರೆಯುವ ತಗಡು) ಪೂರ್ತಿ ತೆರೆಯಿರಿ. ತೆಳು ಪುಳ್ಳೆಯಿಂದ ಶುರು ಮಾಡಿ, ಚಿಮಣಿ ಬಿಸಿಯಾಗಿ ಹೊಗೆ ಎಳೆಯತೊಡಗಿದ ಮೇಲೆ ದಪ್ಪ ಸೌದೆ ಇಡಿ. ಉರಿ ಸಣ್ಣದಾಗಿದ್ದರೂ ಚುರುಕಾಗಿರಲಿ. ಕೊಳವೆಗೆ ಅಂಟಿಸುವ ಅಯಸ್ಕಾಂತದ ಥರ್ಮಾಮೀಟರ್ ಹಾಕಿಕೊಂಡರೆ ಹೊಗೆ ತೀರಾ ತಣ್ಣಗಿದೆಯೋ, ಒಲೆ ಅತಿಯಾಗಿ ಕಾದಿದೆಯೋ ಕಣ್ಣಿಗೇ ಕಾಣುತ್ತದೆ.

ಎಷ್ಟೋ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಮಲಗುವ ಮುಂಚೆ ಒಲೆ ತುಂಬ ಸೌದೆ ತುರುಕಿ, ಗಾಳಿ ಮುಚ್ಚಿ, ಬೆಳಗಿನವರೆಗೂ ಹೊಗೆಯಾಡಲಿ ಅಂತ ಬಿಡುತ್ತಾರೆ. ಸೌದೆ ಉಳಿಯಿತು ಅನ್ನಿಸುತ್ತದೆ. ಆದರೆ ಚಿಮಣಿಗೆ ಟಾರು ಬಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಉಸಿರು ಕಟ್ಟಿದ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಅನಿಲವನ್ನೂ ಜಾಸ್ತಿ ಬಿಡುತ್ತದೆ. ರಾತ್ರಿಯ ಚಳಿಗೆ ಇನ್ನೊಂದು ಕಂಬಳಿ ಹೊದೆಯುವುದು ವಾಸಿ.

ಒಲೆಯ ಸುತ್ತ ಒಂದು ಮೀಟರ್ ಜಾಗ ಖಾಲಿ ಇರಲಿ. ಸೌದೆ ಬುಟ್ಟಿ, ಒಣಗಲು ಹಾಕಿದ ಬಟ್ಟೆ, ಕುರ್ಚಿ, ಚಾಪೆ, ಯಾವುದೂ ಆ ಗೆರೆಯ ಒಳಗೆ ಬೇಡ. ತೆರೆದ ಬೆಂಕಿಗೂಡಾದರೆ ಮುಂದೆ ಲೋಹದ ಜಾಲರಿ ಅಥವಾ ಗಾಜಿನ ಬಾಗಿಲು ಬೇಕು. ಮನೆಯಲ್ಲಿ ಮಕ್ಕಳಿದ್ದರೆ ಅಡ್ಡಗಟ್ಟೆ ಹಾಕಿ. ಉರಿಯುವ ಗಾಜು ಮುಟ್ಟಿ ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಆಗಷ್ಟೇ ನಿಂತು ನಡೆಯುವ ಮಗು.

ಬೂದಿ

ಬೂದಿ ಮುಚ್ಚಿದ ಕೆಂಡ ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ. ಬೂದಿ ಒಳ್ಳೆಯ ಹೊದಿಕೆ. ಅದರೊಳಗೆ ಸಿಕ್ಕಿದ ಕೆಂಡ ನಾಲ್ಕು ದಿನದವರೆಗೂ ಜೀವ ಹಿಡಿದಿರಬಹುದು. ಮೇಲೆ ಕೈ ಇಟ್ಟರೆ ತಣ್ಣಗಿರುತ್ತದೆ. ಕಾಗದದ ಚೀಲಕ್ಕೋ ಪ್ಲಾಸ್ಟಿಕ್ ಬಕೆಟ್ಟಿಗೋ ತುಂಬಿ ವರಾಂಡದಲ್ಲಿ ಇಟ್ಟರೆ, ರಾತ್ರಿ ಗಾಳಿ ಬೀಸಿದಾಗ ಅದು ಮತ್ತೆ ಕೆಂಪಾಗುತ್ತದೆ.

ಇದು ಹೊಸ ಎಚ್ಚರಿಕೆಯೇನಲ್ಲ. 1735ರಲ್ಲಿ ಅಮೆರಿಕದ ಮುದ್ರಕ, ಮುಂದೆ ವಿಜ್ಞಾನಿಯೂ ರಾಜಕಾರಣಿಯೂ ಆದ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾ ನಗರದ ತನ್ನದೇ ಪತ್ರಿಕೆಗೆ ಹೆಸರು ಹಾಕದೆ ಒಂದು ಪತ್ರ ಬರೆದ. ಕೆಂಡವನ್ನು ಸಲಿಕೆಯಲ್ಲಿ ತುಂಬಿಕೊಂಡು ಕೋಣೆಯಿಂದ ಕೋಣೆಗೆ, ಮೆಟ್ಟಿಲ ಮೇಲೆ ಕೆಳಗೆ ಒಯ್ಯಬೇಡಿ, ಒಯ್ಯಲೇಬೇಕಾದರೆ ಮುಚ್ಚಳವಿರುವ ಪಾತ್ರೆಯಲ್ಲಿ ಒಯ್ಯಿರಿ, ಸಂದಿಗೆ ಬಿದ್ದ ಕಿಡಿ ನಡುರಾತ್ರಿಯವರೆಗೂ ಕಾಣಿಸುವುದಿಲ್ಲ ಅಂತ ಅದರಲ್ಲಿತ್ತು. ಚಿಮಣಿ ಗುಡಿಸುವವರಿಗೆ ಪರವಾನಗಿ ಇರಲಿ ಅನ್ನುವ ಸಲಹೆಯೂ ಇತ್ತು. ಮರುವರ್ಷ, 1736ರಲ್ಲಿ, ಅವನೂ ಅವನ ಗೆಳೆಯರೂ ಸೇರಿ ಯೂನಿಯನ್ ಫೈರ್ ಕಂಪನಿ ಎಂಬ ಸ್ವಯಂಸೇವಕ ದಳ ಕಟ್ಟಿದರು. ಸುಮಾರು 290 ವರ್ಷದ ಆಮೇಲೂ ಮುಚ್ಚಳದ ಪಾತ್ರೆಯ ಸಲಹೆ ಬದಲಾಗಿಲ್ಲ.

ಹಾಗಾಗಿ: ಬೂದಿ ತೆಗೆಯಲು ಲೋಹದ ಸಲಿಕೆ, ತುಂಬಲು ಬಿಗಿ ಮುಚ್ಚಳದ ಲೋಹದ ಡಬ್ಬ. ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ, ಒಳಗಿನ ಚೀಲಕ್ಕೆ ಕೆಂಡ ಹೋದರೆ ಅದೇ ಗಾಳಿ ಊದಿ ಹೊತ್ತಿಸುತ್ತದೆ. ಡಬ್ಬವನ್ನು ಮನೆಯಿಂದ ಕನಿಷ್ಠ 3 ಮೀಟರ್ ಆಚೆ, ಬರೀ ನೆಲದ ಅಥವಾ ಕಾಂಕ್ರೀಟಿನ ಮೇಲೆ ಇಡಿ. ಮರದ ಜಗಲಿಯ ಮೇಲೆ ಬೇಡ. ಗ್ಯಾರೇಜಿನಲ್ಲೂ ಬೇಡ. ಅಲ್ಲಿ ಬೆಂಕಿಯ ಭಯವಷ್ಟೇ ಅಲ್ಲ, ಆರದ ಕೆಂಡ ವಿಷ ಅನಿಲ ಬಿಡುತ್ತಲೇ ಇರುತ್ತದೆ, ಅದು ಬಾಗಿಲ ಸಂದಿಯಿಂದ ಮನೆಗೆ ನುಗ್ಗುತ್ತದೆ. ಬೇಗ ಚೆಲ್ಲಬೇಕಾದರೆ ನೀರು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಕಿ. ಒಮ್ಮೆಲೇ ಸುರಿದರೆ ಬಿಸಿ ಆವಿ ಮುಖಕ್ಕೆ ರಾಚುತ್ತದೆ.

ಕರೆಂಟ್ ಹೀಟರ್

ಹೊಗೆ ಇಲ್ಲ, ಬೂದಿ ಇಲ್ಲ, ಆದ್ದರಿಂದ ಅಪಾಯ ಇಲ್ಲ ಅನ್ನಿಸುವ ಸಾಧನ ಇದು. ಇದರ ಅಪಾಯ ಇರುವುದು ಹೆಚ್ಚಾಗಿ ನೀವು ನೋಡದ ಕಡೆ, ಅಂದರೆ ಪ್ಲಗ್ಗಿನಲ್ಲಿ.

2000 ವ್ಯಾಟ್ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 120 ವೋಲ್ಟ್ ಇರುವ ದೇಶಗಳಲ್ಲಿ 1500 ವ್ಯಾಟಿನದು 12.5 ಆಂಪಿಯರ್ ಎಳೆಯುತ್ತದೆ. ಮಿಕ್ಸಿಯೂ ಕರೆಂಟ್ ಎಳೆಯುತ್ತದೆ, ಆದರೆ ಎರಡು ನಿಮಿಷ. ಹೀಟರ್ ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ. ವೈರಿನಲ್ಲಾಗಲಿ ಪ್ಲಗ್ಗಿನ ಸಡಿಲ ಪಿನ್ನಿನಲ್ಲಾಗಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಫೋನ್, ದೀಪಕ್ಕೆ ಅಂತ ಮಾಡಿದ ಎಕ್ಸ್‌ಟೆನ್ಷನ್ ಬಾಕ್ಸಿನ ತೆಳು ವೈರು, ಪಿನ್ ಹಿಡಿಯುವ ಸಡಿಲ ಲೋಹದ ಪಟ್ಟಿ ಇದನ್ನು ತಾಳುವುದಿಲ್ಲ. ತಮಾಷೆ ಏನೆಂದರೆ ಬ್ರೇಕರ್ (ಮಿತಿ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್) ಬೀಳುವುದಿಲ್ಲ. ಬ್ರೇಕರ್ ಅಳೆಯುವುದು ಒಟ್ಟು ಕರೆಂಟನ್ನು, ಅದು ಮಿತಿಯೊಳಗೇ ಇರುತ್ತದೆ. ಒಂದು ಸಡಿಲ ಪಿನ್ ಕೆಂಪಗೆ ಕಾದಿದ್ದು ಅದಕ್ಕೆ ತಿಳಿಯುವುದಿಲ್ಲ.

ಆದ್ದರಿಂದ ಹೀಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೇ ಹಾಕಿ. ಎಕ್ಸ್‌ಟೆನ್ಷನ್ ಬೇಡ, ಪವರ್ ಸ್ಟ್ರಿಪ್ ಬೇಡ, ಟೈಮರ್ ಪ್ಲಗ್ಗೂ ಬೇಡ. ಒಂದು ಸಾಕೆಟ್ಟಿಗೆ ಒಂದೇ ಹೀಟರ್. ಹಾಕಿ ಅರ್ಧ ಗಂಟೆಯಾದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಮೈಯನ್ನು ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಂಡಿರಲು ಆಗದಷ್ಟು ಬಿಸಿ ಇದ್ದರೆ, ಪ್ಲಗ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಮೀನಿನಂಥ ವಾಸನೆ ಬಂದರೆ, ಹೀಟರ್ ತೆಗೆದಿಟ್ಟು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಪ್ಲಗ್ ಹಾಕಿದರೆ ಜಾರಿ ಬೀಳುವ ಸಾಕೆಟ್ಟಿದ್ದರೆ ಪರೀಕ್ಷೆಯೂ ಬೇಕಿಲ್ಲ, ಬದಲಾಯಿಸಿ. ಮನೆಯಲ್ಲಿ ಒಂದೇ ಒಂದು ಕೆಲಸ ಮಾಡುವಷ್ಟು ಪುರುಸೊತ್ತು ನಿಮಗಿದ್ದರೆ ಈ ಪ್ಲಗ್ ಪರೀಕ್ಷೆ ಮಾಡಿ ಅನ್ನುತ್ತೇನೆ.

ವೈರನ್ನು ಚಾಪೆಯ ಕೆಳಗೆ ಓಡಿಸಬೇಡಿ. ತುಳಿದು ತುಳಿದು ಒಳಗಿನ ಎಳೆಗಳು ಕತ್ತರಿಸುತ್ತವೆ, ಬಿಸಿ ಹೊರಹೋಗಲು ಜಾಗವೂ ಇರುವುದಿಲ್ಲ.

ಹೊಸದನ್ನು ಕೊಳ್ಳುವುದಾದರೆ ಮೂರು ನೋಡಿ. ಬಿದ್ದರೆ ತಾನೇ ಆರುತ್ತದೆಯಾ? ಅತಿಯಾಗಿ ಕಾದರೆ ಆರುತ್ತದೆಯಾ? ಮಾನ್ಯತೆ ಇರುವ ಪರೀಕ್ಷಾ ಸಂಸ್ಥೆಯ ಗುರುತು ಇದೆಯಾ? ಕೆಂಪಗೆ ಕಾಯುವ ಕಾಯಿಲಿನ ಹೀಟರಿಗಿಂತ ಎಣ್ಣೆ ತುಂಬಿದ ರೇಡಿಯೇಟರ್ ನನಗೆ ಮೇಲು ಅನ್ನಿಸುತ್ತದೆ. ನಿಧಾನಕ್ಕೆ ಕಾಯುತ್ತದೆ ನಿಜ, ಆದರೆ ಮೈ ಅಷ್ಟು ಸುಡುವುದಿಲ್ಲ. ಹಾಗಂತ ಅದರ ಮೇಲೆ ಒದ್ದೆ ಬಟ್ಟೆ ಒಣಗಿಸಬಹುದು ಅಂತಲ್ಲ.

ಒಂದು ಮೀಟರ್ ಗೆರೆ ಇಲ್ಲೂ ಇದೆ. ಗೆರೆ ಮುರಿಯುವುದು ಹೆಚ್ಚಾಗಿ ರಾತ್ರಿ. ಮಲಗುವಾಗ ಹಾಸಿಗೆಯಿಂದ ದೂರವಿದ್ದ ಹೀಟರ್ ಹಾಗೆಯೇ ಇರುತ್ತದೆ, ಮಗ್ಗುಲು ಬದಲಿಸಿದಾಗ ಕಂಬಳಿ ಜಾರಿ ಅದರ ಮೇಲೆ ಬೀಳುತ್ತದೆ. ಅದಕ್ಕೇ ಕೋಣೆಯಿಂದ ಹೊರಟಾಗ, ಮಲಗುವಾಗ ಹೀಟರ್ ಆರಿಸಿ ಪ್ಲಗ್ ಕೀಳಬೇಕು. ಮಲಗುವ ಮುಂಚೆ ಒಂದು ಗಂಟೆ ಕೋಣೆ ಕಾಯಿಸಿ, ಬಾಗಿಲು ಮುಚ್ಚಿ ಮಲಗಿ.

ಕರೆಂಟ್ ಕಂಬಳಿ ಬಳಸುವವರು ಅದನ್ನು ಮಡಿಸಿ ಹಾಕಬೇಡಿ, ಹಾಸಿಗೆಯ ಅಂಚಿಗೆ ತುರುಕಬೇಡಿ, ಮೇಲೆ ಇನ್ನೇನೂ ಪೇರಿಸಬೇಡಿ. ಹಳೆಯದಾಗಿ ಕಪ್ಪು ಕಲೆ ಬಿದ್ದಿದ್ದರೆ ಎಸೆಯಿರಿ.

ಗ್ಯಾಸ್, ಸೀಮೆಎಣ್ಣೆ, ಕಾಣದ ಅನಿಲ

ಇಡೀ ಮನೆ ಕಾಯಿಸುವ ಗ್ಯಾಸ್ ಬಾಯ್ಲರ್ ಅಥವಾ ಫರ್ನೇಸ್ ಇದ್ದರೆ ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ. ಗ್ಯಾಸ್ ಬರ್ನರಿನ ಉರಿ ನೀಲಿ ಇರಬೇಕು. ಹಳದಿಯಾಗಿ ಓಲಾಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಅಲಂಕಾರಕ್ಕೆ ಬೇಕೆಂದೇ ಹಳದಿ ಉರಿ ಬರುವಂತೆ ಮಾಡಿದ ಗ್ಯಾಸ್ ಬೆಂಕಿಗೂಡುಗಳೂ ಇವೆ, ಅವುಗಳ ಕೈಪಿಡಿ ನೋಡಿ. ಹೊಗೆ ಹೋಗುವ ಕೊಳವೆಯ ಹೊರಬಾಯಿ ಹಿಮ, ಎಲೆ, ಗೂಡಿನಿಂದ ಮುಚ್ಚಿರಬಾರದು. ಹಿಮ ಬಿದ್ದ ಪ್ರತಿ ಸಲ ಹೊರಗೆ ಹೋಗಿ ನೋಡಿ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಿ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲಮಾಳಿಗೆಗೆ ಇಳಿದು ಕೂರುತ್ತದೆ. ಮೂಗಿಗೆ ಬಡಿಯುವ ಹೊತ್ತಿಗೆ ಕಾಲ ಬುಡದಲ್ಲಿ ತುಂಬ ಇರಬಹುದು.

ಸೀಮೆಎಣ್ಣೆ ಹೀಟರಿಗೆ ತಯಾರಕರು ಹೇಳಿದ ಶುದ್ಧ ಸೀಮೆಎಣ್ಣೆ ಮಾತ್ರ. ಅದಕ್ಕೆ ಪೆಟ್ರೋಲ್ ಸ್ವಲ್ಪ ಬೆರೆತರೂ ಸ್ಫೋಟವಾಗುವ ಅಪಾಯ ಇದೆ, ಆದ್ದರಿಂದ ಎರಡರ ಡಬ್ಬವೂ ಬೇರೆ ಬೇರೆ ಇರಲಿ. ಆರಿಸಿ, ತಣ್ಣಗಾದ ಮೇಲೆ, ಮನೆಯ ಹೊರಗೆ ತುಂಬಿ. ಉರಿಯುವಾಗ ಕಿಟಕಿ ಒಂದಿಷ್ಟು ತೆರೆದಿರಲಿ.

ಇನ್ನು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆ ಸುತ್ತು, ಸುಸ್ತು. ಜ್ವರವಿಲ್ಲದ ಫ್ಲೂ ಅಂದುಕೊಂಡು ಜನ ಮಲಗಿಬಿಡುತ್ತಾರೆ. ಗುರುತು ಹಿಡಿಯುವುದು ಹೀಗೆ: ಮನೆಯವರಿಗೆಲ್ಲ ಒಟ್ಟಿಗೇ ಹೀಗಾಗಿದೆಯಾ? ಸಾಕುಪ್ರಾಣಿಗೂ? ಹೊರಗೆ ಹೋದರೆ ಕಡಿಮೆಯಾಗಿ, ಒಳಗೆ ಬಂದರೆ ಮತ್ತೆ ಬರುತ್ತದೆಯಾ? ಹೌದಾದರೆ ಕೂಡಲೇ ಹೊರಗೆ ಹೋಗಿ ಸಹಾಯಕ್ಕೆ ಕರೆ ಮಾಡಿ. ಕಿಟಕಿ ತೆರೆದು ಒಳಗೇ ಕಾಯಬೇಡಿ.

ಇದ್ದಿಲ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗೆ ಇಡಬೇಡಿ. ಹೊಗೆ ಕಾಣುವುದಿಲ್ಲ ಅನ್ನುವುದೇ ಅದರ ಮೋಸ. ಕೆಂಪಗೆ ನಿಗಿನಿಗಿ ಅನ್ನುವ ಕೆಂಡ ಧಾರಾಳವಾಗಿ ಈ ಅನಿಲ ಬಿಡುತ್ತದೆ. ಅಡುಗೆಯ ಗ್ಯಾಸ್ ಒಲೆ ಹಚ್ಚಿ ಕೋಣೆ ಕಾಯಿಸುವುದು, ಗ್ಯಾರೇಜಿನಲ್ಲಿ ಕಾರು ಬಿಸಿ ಮಾಡುವುದು, ಕರೆಂಟ್ ಹೋದಾಗ ಜನರೇಟರನ್ನು ಬಾಗಿಲ ಹತ್ತಿರ ಓಡಿಸುವುದು, ಇವೂ ಅದೇ ಸಾಲಿಗೆ ಸೇರಿದವು. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಲಿ, ಅದರ ಹೊಗೆಬಾಯಿ ಆಚೆಗೆ ತಿರುಗಿರಲಿ.

ಅಲಾರಂ

ನಿದ್ದೆಯಲ್ಲಿ ಮೂಗು ಎಬ್ಬಿಸುತ್ತದೆ ಅಂತ ನಂಬಬೇಡಿ. ಕಿವಿ ಎಬ್ಬಿಸುತ್ತದೆ. ಹೊಗೆ ಅಲಾರಂ ಪ್ರತಿ ಮಲಗುವ ಕೋಣೆಯಲ್ಲಿ, ಆ ಕೋಣೆಗಳ ಹೊರಗೆ, ಪ್ರತಿ ಅಂತಸ್ತಿನಲ್ಲಿ ಬೇಕು, ನೆಲಮಾಳಿಗೆಯೂ ಸೇರಿ. ಚಾವಣಿಗೆ ಅಥವಾ ಗೋಡೆಯ ಮೇಲ್ಭಾಗಕ್ಕೆ ಹಾಕಿ. ಅಡುಗೆ ಒಲೆಯಿಂದ 3 ಮೀಟರ್ ದೂರವಿದ್ದರೆ ಒಗ್ಗರಣೆಗೆಲ್ಲ ಕೂಗುವುದಿಲ್ಲ. ಒಗ್ಗರಣೆಗೆ ಕೂಗಿತು ಅಂತ ಬ್ಯಾಟರಿ ಕಿತ್ತಿಟ್ಟ ಅಲಾರಂ ಇರುವ ಮನೆ ಅಲಾರಂ ಇಲ್ಲದ ಮನೆಯೇ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇರೆ. ಮಲಗುವ ಜಾಗದ ಹತ್ತಿರ ಹಾಕಿ, ಎತ್ತರ ಎಷ್ಟೆಂದು ಕೈಪಿಡಿಯಲ್ಲಿರುತ್ತದೆ. ಅಮೆರಿಕ, ಕೆನಡಾದ ಮಾದರಿಗಳಲ್ಲಿ ಹೊಗೆಗೆ ಮೂರು ಬೀಪ್ ಮತ್ತು ವಿರಾಮ, ಈ ಅನಿಲಕ್ಕೆ ನಾಲ್ಕು ಬೀಪ್ ಮತ್ತು ವಿರಾಮ. ಆಗಾಗ ಒಂದೇ ಸಲ ಚಿಂವ್ ಅಂದರೆ ಬ್ಯಾಟರಿ ಮುಗಿಯುತ್ತಿದೆ, ಇಲ್ಲವೇ ಅಲಾರಮ್ಮಿಗೇ ವಯಸ್ಸಾಗಿದೆ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿ. ಹೊಗೆ ಅಲಾರಮ್ಮಿನ ಆಯಸ್ಸು 10 ವರ್ಷ. ಇನ್ನೊಂದರದ್ದು ಮಾದರಿಯ ಮೇಲೆ 5ರಿಂದ 10 ವರ್ಷ. ತಯಾರಾದ ತಾರೀಕು ಹಿಂಬದಿಯಲ್ಲಿ ಅಚ್ಚಾಗಿರುತ್ತದೆ, ಇವತ್ತೇ ಇಳಿಸಿ ನೋಡಿ.

ಮಲಗುವ ಮುಂಚೆ ಕೋಣೆಗಳ ಬಾಗಿಲು ಮುಚ್ಚಿ. ಯುಎಲ್‌ನವರ ಪ್ರಯೋಗಗಳಲ್ಲೇ ಬಾಗಿಲು ತೆರೆದಿದ್ದ ಕೋಣೆ 500 ಡಿಗ್ರಿ ದಾಟಿದಾಗ, ಮುಚ್ಚಿದ್ದ ಕೋಣೆ 40 ಡಿಗ್ರಿಯ ಒಳಗೇ ಇತ್ತು. ಖರ್ಚಿಲ್ಲದ ರಕ್ಷಣೆ.

ಬೆಂಕಿ ಹತ್ತಿದರೆ

ಮುಂಚೆಯೇ ಗೊತ್ತಿರಬೇಕಾದ್ದು ಎರಡು: ಪ್ರತಿ ಕೋಣೆಯಿಂದ ಹೊರಹೋಗುವ ಎರಡು ದಾರಿ, ಮತ್ತು ಹೊರಗೆ ಎಲ್ಲರೂ ಸೇರುವ ಒಂದು ಜಾಗ. ವರ್ಷಕ್ಕೆ ಎರಡು ಸಲ ಮಕ್ಕಳ ಜೊತೆ ಅಭ್ಯಾಸ ಮಾಡಿ, ಒಂದು ಸಲ ಕತ್ತಲಲ್ಲಿ. ಹಿಮಕ್ಕೋ ತುಕ್ಕಿಗೋ ಕಿಟಕಿ ಅಂಟಿಕೊಂಡಿದ್ದು ತಿಳಿಯುವುದು ಆವಾಗಲೇ. ವಯಸ್ಸಾದವರಿಗೆ ಯಾರು ಕೈ ಹಿಡಿಯಬೇಕು ಅನ್ನುವುದನ್ನೂ ಹೆಸರು ಹೇಳಿ ಗೊತ್ತು ಮಾಡಿ.

ಅಲಾರಂ ಕೂಗಿದಾಗ ಬಾಗಿಲನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ತೆರೆಯಬೇಡಿ, ಎರಡನೇ ದಾರಿ ಹಿಡಿಯಿರಿ. ಹೊಗೆ ಇದ್ದರೆ ತೆವಳಿ. ಹೊರಡುವಾಗ ಹಿಂದಿನ ಬಾಗಿಲು ಎಳೆದುಕೊಳ್ಳಿ. ಹೊರಗೆ ಬಂದ ಮೇಲೆ ಕರೆ ಮಾಡಿ. ಪರ್ಸಿಗೂ ಬೆಕ್ಕಿಗೂ ವಾಪಸು ಹೋಗಬೇಡಿ. ಒಳಗೆ ಯಾರಾದರೂ ಉಳಿದಿದ್ದರೆ ಯಾವ ಕೋಣೆ ಅಂತ ದಳದವರಿಗೆ ಹೇಳಿ.

ಬೆಂಕಿ ಕಸದ ಬುಟ್ಟಿಯಷ್ಟು ಚಿಕ್ಕದಿದ್ದು, ನಿಮ್ಮ ಬೆನ್ನ ಹಿಂದೆ ಬಾಗಿಲಿದ್ದು, ಉಳಿದವರು ಹೊರಗೆ ಹೋಗಿದ್ದರೆ ಮಾತ್ರ ಎಕ್ಸ್‌ಟಿಂಗ್ವಿಷರ್ ಹಿಡಿಯಿರಿ. ಪಿನ್ ಎಳೆದು, ಜ್ವಾಲೆಗಲ್ಲ, ಬೆಂಕಿಯ ಬುಡಕ್ಕೆ ಗುರಿ ಇಟ್ಟು, ಹಿಡಿ ಒತ್ತಿ, ಆಚೀಚೆ ಬೀಸಿ. ಮನೆಯಲ್ಲಿಡುವ ಸಣ್ಣ ಸಿಲಿಂಡರ್ ಹತ್ತಿಪ್ಪತ್ತು ಸೆಕೆಂಡಿಗೆ ಖಾಲಿ. ಅಷ್ಟರಲ್ಲಿ ಆರದಿದ್ದರೆ ಹೊರಡಿ. ಉರಿಯುವ ಹೀಟರಿಗೆ ನೀರು ಬೇಡ, ಕೈಗೆಟುಕಿದರೆ ಮೇನ್ ಸ್ವಿಚ್ ಆರಿಸಿ.

ದಳದವರಿಗೆ ನೀವು ಮಾಡಬಹುದಾದ ಸಹಾಯ ಚಿಕ್ಕದು, ಆದರೆ ನಿಮಿಷಗಳನ್ನು ಉಳಿಸುತ್ತದೆ. ಮನೆ ನಂಬರ್ ರಸ್ತೆಯಿಂದ ರಾತ್ರಿಯೂ ಕಾಣಲಿ. ದೊಡ್ಡ ಗಾಡಿ ಬರುವಷ್ಟು ದಾರಿಯ ಹಿಮ ತೆಗೆದಿರಲಿ. ಹತ್ತಿರ ಹೈಡ್ರಂಟ್ (ದಳದವರು ನೀರು ಹಿಡಿಯುವ ಬೀದಿ ನಲ್ಲಿ) ಇದ್ದರೆ ಅದರ ಸುತ್ತಲೂ ತೆಗೆಯಿರಿ. ಕರೆ ಮಾಡಿದಾಗ ಚಿಮಣಿಗೆ ಬೆಂಕಿ ಅನ್ನುವುದನ್ನು ಮೊದಲೇ ಹೇಳಿ, ಅದಕ್ಕೆ ತರುವ ಸಾಮಾನೇ ಬೇರೆ.

ಚಿಮಣಿಗೆ ಬೆಂಕಿ ಹತ್ತಿದ್ದು ಹೇಗೆ ಗೊತ್ತಾಗುತ್ತದೆ? ಒಳಗಿನಿಂದ ಭೋರೆನ್ನುವ ಮೊರೆತ, ಪಟಪಟ ಸಿಡಿಯುವ ಸದ್ದು, ತುದಿಯಿಂದ ಕಿಡಿ ಅಥವಾ ಜ್ವಾಲೆ, ಕಡು ಬಿಸಿಯ ವಾಸನೆ. ಆಗ ಮಾಡಬೇಕಾದ್ದು:

1. ಎಲ್ಲರನ್ನೂ ಹೊರಗೆ ಕಳಿಸಿ, ತುರ್ತು ಸಂಖ್ಯೆಗೆ ಕರೆ ಮಾಡಿ.
2. ಒಲೆಯ ಹತ್ತಿರ ಹೋಗುವುದು ಸುರಕ್ಷಿತ ಅನ್ನಿಸಿದರೆ ಮಾತ್ರ ಒಲೆಯ ಬಾಗಿಲು, ಗಾಳಿ ಬಾಗಿಲು ಮುಚ್ಚಿ. ಗಾಳಿ ಸಿಗದಿದ್ದರೆ ಬೆಂಕಿ ಕುಗ್ಗುತ್ತದೆ.
3. ಮೇಲಿನಿಂದ ನೀರು ಸುರಿಯಬೇಡಿ. ಕಾದ ಒಳಪದರ ಸೀಳುತ್ತದೆ, ಬಿಸಿ ಆವಿ ಒಲೆಯ ಬಾಯಿಂದ ಕೋಣೆಗೆ ನುಗ್ಗುತ್ತದೆ. ಚಾವಣಿ ಹತ್ತಲೇಬೇಡಿ.
4. ಸದ್ದು ನಿಂತಿತು ಅಂತ ಒಳಗೆ ಹೋಗಬೇಡಿ. ಗೋಡೆಯೊಳಗೆ, ಅಟ್ಟದಲ್ಲಿ ಕಾವು ಉಳಿದಿದೆಯೇ ಎಂದು ದಳದವರು ಕ್ಯಾಮೆರಾ ಹಿಡಿದು ನೋಡುತ್ತಾರೆ. ಅವರು ಹೇಳಿದ ಮೇಲೆ ಹೋಗಿ.

ಕೆಲವು ಸಲ ಚಿಮಣಿ ಬೆಂಕಿ ಸದ್ದಿಲ್ಲದೆ ಹತ್ತಿ ತಾನೇ ಆರಿಬಿಡುತ್ತದೆ. ಉಬ್ಬಿ ಹಗುರಾದ ಜೇನುಗೂಡಿನಂಥ ಕರಿ ಚೂರುಗಳು ಚಾವಣಿಯ ಮೇಲೋ ಒಲೆಯ ತಳದಲ್ಲೋ ಬಿದ್ದಿದ್ದರೆ, ಕೊಳವೆ ಸೊಟ್ಟಗಾಗಿದ್ದರೆ, ತುದಿಯ ಟೋಪಿ ಬಣ್ಣಗೆಟ್ಟಿದ್ದರೆ ಅದು ಆಗಿ ಹೋಗಿದೆ ಅಂತ ಅರ್ಥ. ಎರಡೂ ಸಂದರ್ಭದಲ್ಲಿ, ಒಳಗೆ ಕ್ಯಾಮೆರಾ ಇಳಿಸಿ ಪೂರ್ತಿ ತಪಾಸಣೆ ಆಗುವವರೆಗೆ ಆ ಒಲೆಯನ್ನು ಮತ್ತೆ ಹಚ್ಚಬೇಡಿ, ಎಷ್ಟೇ ಚಳಿ ಇರಲಿ.